ಆರು ಗೂಡು, ಒಂದೇ ನಳಿಗೆ

ರಿವಾಲ್ವರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಒಂದೋ ಸಿನಿಮಾದ ಖಳನಾಯಕ, ಇಲ್ಲವೇ ಸಬ್‌ಇನ್‌ಸ್ಪೆಕ್ಟರರ ಸೊಂಟದಲ್ಲಿ ತೂಗುವ ಚರ್ಮದ ಚೀಲ. ಅದನ್ನು ಹಿಡಿದು ಪಂದ್ಯಕ್ಕೆ ನಿಲ್ಲುವವರೂ ಇದ್ದಾರೆ, ಆ ಪಂದ್ಯಕ್ಕೆಂದೇ ಅದನ್ನು ಬಿಚ್ಚಿ, ತಿಕ್ಕಿ ತೀಡಿ, ಹೊಸದಾಗಿ ಕಟ್ಟಿಕೊಡುತ್ತಿದ್ದ ಕೆಲಸಗಾರರ ಒಂದು ಪರಂಪರೆಯೇ ಇತ್ತು ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಅದಕ್ಕೆ ಕಾರಣರಾದವರು ನಮ್ಮ ನೆರೆಮನೆಯ ನಿವೃತ್ತ ಸುಬೇದಾರರು. ಕೊಡಗಿನವರು, ಕೈಲು ಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆದು ಬೆಳೆದವರು. ಒಂದು ಸಂಜೆ ಮಾತಿನ ನಡುವೆ ಅವರು, "ಕೋವಿಯ ಮುಂದೆ ರಿವಾಲ್ವರ್ ಎಲ್ಲಿಯ ಮಾತು ಸಾರ್! ಐವತ್ತು ಗಜದಲ್ಲಿ ಅದರಿಂದ ತೆಂಗಿನಕಾಯಿ ಬಿದ್ದರೆ ದೇವರ ದಯೆ, ಅಷ್ಟೇ" ಎಂದರು. ನಾವೂ ತಲೆಯಾಡಿಸಿದೆವು. ಆಮೇಲೆ ಗ್ರಂಥಾಲಯದ ಪುಸ್ತಕಗಳನ್ನು ತಿರುವಿ ನೋಡಿದಾಗ, ಅಮೆರಿಕಾದ ಪೋಲೀಸರು ತಮ್ಮ ಪಂದ್ಯಗಳಲ್ಲಿ ಅದೇ ಐವತ್ತು ಗಜದಿಂದ, ರಿವಾಲ್ವರಿನಿಂದಲೇ, ಆರು ಈಡುಗಳನ್ನು ಒಂದು ಅಂಗೈಯಗಲದ ಜಾಗದೊಳಗೆ ಕೂರಿಸುತ್ತಿದ್ದರೆಂದು ಕಂಡಿತು. ಸುಬೇದಾರರು ಹೇಳಿದ್ದು ಸುಳ್ಳಲ್ಲ. ಅವರು ಕಂಡ ರಿವಾಲ್ವರ್ ಬೇರೆ, ಇದು ಬೇರೆ. ಒಂದು ಇನ್ನೊಂದಾದದ್ದು ಹೇಗೆ, ಆಗುವಾಗ ಏನನ್ನು ಕಳೆದುಕೊಂಡಿತು ಎಂಬುದೇ ಈ ಲೇಖನದ ವಿಷಯ.

ಮೊದಲು ಯಂತ್ರದ ತೊಡಕನ್ನು ತಿಳಿಯಬೇಕು. ಸಾಧಾರಣ ಕೋವಿಯಲ್ಲಿ ತೋಟಾ ಕೂರುವ ಗೂಡು ನಳಿಗೆಯದೇ ಭಾಗ. ಗುಂಡು ಹುಟ್ಟಿದ ಮನೆಯಿಂದಲೇ ನೇರವಾಗಿ ಬೀದಿಗಿಳಿಯುತ್ತದೆ. ರಿವಾಲ್ವರಿನಲ್ಲಿ ಹಾಗಲ್ಲ. ಸ್ಯಾಮ್ಯುಯೆಲ್ ಕೋಲ್ಟ್ ಎಂಬಾತ 1835ರಲ್ಲಿ ಇಂಗ್ಲೆಂಡಿನಲ್ಲಿಯೂ 1836ರಲ್ಲಿ ಅಮೆರಿಕಾದಲ್ಲಿಯೂ ಹಕ್ಕುಪತ್ರ ಪಡೆದ ಈ ಯಂತ್ರದಲ್ಲಿ ಗೂಡುಗಳು ಆರು (ಮೊದಮೊದಲು ಐದೂ ಇದ್ದವು), ನಳಿಗೆ ಮಾತ್ರ ಒಂದು. ಗೂಡುಗಳನ್ನು ಹೊತ್ತ ಉರುಳೆ, ಅಂದರೆ ಸಿಲಿಂಡರ್, ಪ್ರತಿ ಈಡಿಗೂ ಆರನೆಯ ಒಂದು ಸುತ್ತು ತಿರುಗಿ ಹೊಸ ಗೂಡನ್ನು ನಳಿಗೆಯ ಎದುರು ತಂದು ನಿಲ್ಲಿಸಬೇಕು. ಹಳೆಯ ಲೋಕೋ ಶೆಡ್ಡುಗಳಲ್ಲಿ ಉಗಿ ಎಂಜಿನ್ನುಗಳನ್ನು ತಿರುಗಿಸುವ ದುಂಡು ಕಟ್ಟೆಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಕಟ್ಟೆಯ ಕಂಬಿ ಹೊರಗಿನ ಕಂಬಿಗೆ ಒಂದು ಅಂಗುಲ ಆಚೀಚೆ ನಿಂತರೂ ಎಂಜಿನ್ ಹಳಿ ತಪ್ಪುತ್ತದೆ. ಇಲ್ಲಿ ಗುಂಡು ಹಳಿ ತಪ್ಪುವುದಿಲ್ಲ. ನಳಿಗೆಯ ಬಾಯಂಚಿಗೆ ಉಜ್ಜಿ, ಒಂದು ಪಕ್ಕ ಸವೆದು, ಸೊಟ್ಟಾಗಿ ಒಳಹೋಗುತ್ತದೆ. ಸೊಟ್ಟಗಾದ ಗುಂಡು ಐವತ್ತು ಗಜದಲ್ಲಿ ಎಲ್ಲಿ ಹೋಗಿ ಬಡಿಯುವುದೋ ಹೇಳಬಲ್ಲವರಿಲ್ಲ. ಅಂತಹ ಆರು ಗೂಡುಗಳು ಆರು ಬಗೆಯಾಗಿ ನಿಂತರೆ ಅದು ಒಂದು ಕೋವಿಯಲ್ಲ, ಆರು ಕೆಟ್ಟ ಕೋವಿಗಳು.

ಇನ್ನೊಂದು ತೊಡಕು ಸಂದಿನದು. ಉರುಳೆ ತಿರುಗಬೇಕಾದರೆ ಅದಕ್ಕೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಆ ಸಂದಿನಿಂದ ಬಿಸಿಯ ಅನಿಲ ಪಕ್ಕಕ್ಕೆ ಸೋರುತ್ತದೆ. 1895ರ ರಷ್ಯನ್ ನಾಗಾಂ ರಿವಾಲ್ವರಿನಲ್ಲಿ ಇದಕ್ಕೊಂದು ಉಪಾಯ ಮಾಡಿದ್ದರು: ಕುದುರೆಯನ್ನು (ತೋಟಾದ ಬುಡವನ್ನು ಕುಟ್ಟುವ ಸುತ್ತಿಗೆಗೆ ನಮ್ಮ ಕಡೆಯ ಹಳೆಯ ಹೆಸರು ಇದೇ) ಹಿಂದಕ್ಕೆಳೆದಾಗ ಉರುಳೆ ತಾನೇ ಮುಂದೆ ಸರಿದು ನಳಿಗೆಗೆ ಒತ್ತಿಕೊಳ್ಳುತ್ತಿತ್ತು, ತೋಟಾದ ಉದ್ದನೆಯ ಹಿತ್ತಾಳೆಯ ಬಾಯಿ ನಳಿಗೆಯೊಳಕ್ಕೆ ಇಣುಕಿ ಸಂದನ್ನು ಮುಚ್ಚುತ್ತಿತ್ತು. ಯುದ್ಧದಲ್ಲಿ ಇದರಿಂದ ಆದ ಲಾಭ ಅಷ್ಟಕ್ಕಷ್ಟೆ. ಉರುಳೆಯನ್ನು ತಳ್ಳುವ ಶ್ರಮವೆಲ್ಲ ಬೆರಳಿನ ಮೇಲೆ ಬಿದ್ದು ಟ್ರಿಗರ್ ಕಲ್ಲಿನಂತಾಗಿತ್ತು. ಆದರೆ ಅದೇ ಉಪಾಯವನ್ನು 1960ರ ದಶಕದ ಆರಂಭದಲ್ಲಿ ಖೈದುರೋವ್ ಎಂಬ ಸೋವಿಯತ್ ವಿನ್ಯಾಸಕ ಪಂದ್ಯಕ್ಕೆಂದೇ ಕೈಗೆತ್ತಿಕೊಂಡು ಟೂಲಾ ಕಾರಖಾನೆಯಿಂದ ಟಿ.ಓ.ಜೆಡ್.-36 ಎಂಬ ರಿವಾಲ್ವರನ್ನು ಹೊರತಂದ. ಹೆಬ್ಬೆರಳಿನಿಂದ ಕುದುರೆಯೆಳೆದು ಸಾವಧಾನವಾಗಿ ಹೊಡೆಯುವ ಪಂದ್ಯವಾದ್ದರಿಂದ ಶ್ರಮ ಅಡ್ಡ ಬರಲಿಲ್ಲ. ಸಿಪಾಯಿಗೆ ಹೊರೆಯಾದದ್ದು ಪಂದ್ಯದವನಿಗೆ ವರವಾಯಿತು. ಇದಕ್ಕೆ ಪ್ರತಿಯಾದ ಕಥೆ, ಅಂದರೆ ಪಂದ್ಯದವನ ವರ ಪೋಲೀಸನಿಗೆ ಶಾಪವಾದದ್ದು, ಮುಂದೆ ಬರುತ್ತದೆ.

ಪಂದ್ಯಗಳ ಕಥೆ ಹಳೆಯದು. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿಯೇ ಅಮೆರಿಕಾದ ಪೇನ್ ಸೋದರರು ತಮ್ಮ ರಿವಾಲ್ವರುಗಳೊಡನೆ ಬಂದಿಳಿದಿದ್ದರು. 25 ಮೀಟರಿನ ಸೇನಾ ಪಿಸ್ತೂಲು ಸ್ಪರ್ಧೆಯಲ್ಲಿ ಜಾನ್ ಪೇನ್ ಮೊದಲಿಗ, ಸಮ್ನರ್ ಪೇನ್ ಎರಡನೆಯವ. ಗೆದ್ದ ಜಾನ್ ಮರುಸ್ಪರ್ಧೆಯಿಂದ ಹಿಂದೆ ಸರಿದ, 30 ಮೀಟರಿನದು ಸಮ್ನರನ ಪಾಲಾಯಿತು. ಅವರ ಸಿದ್ಧತೆಯನ್ನು ನೋಡಿರಿ: ಕೊಂಡೊಯ್ದಿದ್ದು 3,500 ತೋಟಾ, ಖರ್ಚಾದದ್ದು ನೂರರೊಳಗೆ. ಮದುವೆಗೆ ಅಡಿಗೆ ಮಾಡಿಸುವ ನಮ್ಮವರ ಲೆಕ್ಕಾಚಾರವೂ ಹೀಗೆಯೇ ಅಲ್ಲವೆ?

ಆದರೆ ರಿವಾಲ್ವರ್ ಪಂದ್ಯದ ನಿಜವಾದ ತೊಟ್ಟಿಲು ಇಂಗ್ಲೆಂಡಿನ ಬಿಸ್ಲಿ. 1890ರಿಂದ ಅಲ್ಲಿನ ರೈಫಲ್ ಸಂಘದ ವಾರ್ಷಿಕ ಕೂಟ ನಡೆಯುತ್ತಿದ್ದುದು ಆ ಬಯಲಿನಲ್ಲಿ. ಅಲ್ಲಿ ಮೆರೆದಾತ ವಾಲ್ಟರ್ ವೈನನ್ಸ್. ಈತನದು ವಿಚಿತ್ರ ಜಾತಕ: ಅಮೆರಿಕನ್ ತಂದೆತಾಯಿಗಳಿಗೆ 1852ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬಾಳಿದ. 1908ರ ಒಲಿಂಪಿಕ್ಸಿನಲ್ಲಿ ಓಡುವ ಜಿಂಕೆಯ ಗುರಿಗೆ ಹೊಡೆದು ಚಿನ್ನ, 1912ರಲ್ಲಿ ಶಿಲ್ಪಕಲೆಗೆ ಚಿನ್ನ! 1901ರಲ್ಲಿ ರಿವಾಲ್ವರ್ ಹೊಡೆಯುವ ಕಲೆಯನ್ನು ಕುರಿತು ದಪ್ಪ ಗ್ರಂಥವನ್ನೇ ಬರೆದ. ಆತನ ಮೆಚ್ಚಿನ ಆಯುಧ ಸ್ಮಿತ್ ಅಂಡ್ ವೆಸನ್ ಕಂಪನಿ ರಷ್ಯಾದ ಸೇನೆಗೆಂದು ಮಾಡಿದ್ದ .44 ಅಳತೆಯ ರಿವಾಲ್ವರು. ಆ ತೋಟಾ ತನ್ನ ಕಾಲಕ್ಕೆ ಬಹು ನಿಖರವಾದದ್ದು.

ಬಿಸ್ಲಿಯಲ್ಲಿ ನಿಂತ ಗುರಿ, ಚಲಿಸುವ ಗುರಿ, ಕಂಡು ಮರೆಯಾಗುವ ಗುರಿ ಎಲ್ಲವೂ ಇದ್ದವು. ಉದ್ದೇಶವೂ ಘನವಾದದ್ದೇ: ಸೇನಾಧಿಕಾರಿಗೆ ತನ್ನ ರಿವಾಲ್ವರಿನ ಅಭ್ಯಾಸವಾಗಲಿ ಎಂದು. ಆದರೆ ಪದಕದ ಆಸೆ ಹುಟ್ಟಿದೊಡನೆ ಅಂಗಡಿಯವರು ಎಚ್ಚೆತ್ತರು. ವೆಬ್ಲಿ ಕಂಪನಿ ಉದ್ದ ನಳಿಗೆಯ, ತಿದ್ದಬಲ್ಲ ಗುರಿನೋಟದ ‘ಟಾರ್ಗೆಟ್’ ಮಾದರಿಗಳನ್ನು ಮಾಡಿತು. ಕೋಲ್ಟ್ ಕಂಪನಿ 1894ರಲ್ಲಿ ಹಿಡಿಯ ಬಾಗನ್ನು, ಕುದುರೆಯ ಕೊಂಬನ್ನು ಬದಲಿಸಿದ ಒಂದು ಮಾದರಿಗೆ ‘ಬಿಸ್ಲಿ’ ಎಂದೇ ಹೆಸರಿಟ್ಟು ಮಾರಿತು. ಕೊನೆಗೆ ಸೇನಾ ರಿವಾಲ್ವರಿಗೇ ಒಂದು ವರ್ಗ, ‘ಯಾವುದೇ ರಿವಾಲ್ವರಿಗೆ’ ಇನ್ನೊಂದು ವರ್ಗ ಎಂದು ಬೇರ್ಪಡಿಸಬೇಕಾಯಿತು. ಸರಕಾರಿ ಕಚೇರಿಯಲ್ಲಿ ಕಡತ ನೋಡಿ ಕೂದಲು ನರೆಸಿಕೊಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಪ್ರವಾಸ ಭತ್ಯೆಯ ನಿಯಮ ಹೊರಬಿದ್ದ ತಿಂಗಳೊಳಗೆ ಅದರ ಸಂದುಗಳು ಪತ್ತೆಯಾಗಿ, ಆರನೆಯ ತಿಂಗಳಿಗೆ ತಿದ್ದುಪಡಿಯ ಸುತ್ತೋಲೆ ಬರುವುದನ್ನು ನಾವು ಕಂಡವರೇ.

ಅಮೆರಿಕಾದಲ್ಲಿ 1900ರಲ್ಲಿ ರಿವಾಲ್ವರ್ ಸಂಘವೊಂದು ಸ್ಥಾಪನೆಯಾಯಿತು. ಕೋಲ್ಟ್ ಕಂಪನಿಯ ‘ಆಫೀಸರ್ಸ್ ಮಾಡೆಲ್’ 1904ರಿಂದ ಅಲ್ಲಿನ ಪಂದ್ಯದವರ ಕೈಯಲ್ಲಿ ಕಾಣತೊಡಗಿತು. ಮುಂದೆ ಬೆಳೆದ ಪದ್ಧತಿಯಲ್ಲಿ ಒಂಟಿ ಕೈ ಚಾಚಿ ದುಂಡು ಗುರಿಗೆ ಹೊಡೆಯಬೇಕು. ಐವತ್ತು ಗಜದಲ್ಲಿ ಸಾವಧಾನ, ಇಪ್ಪತ್ತೈದು ಗಜದಲ್ಲಿ ಇಪ್ಪತ್ತು ಸೆಕೆಂಡಿಗೆ ಐದು ಈಡು, ಕಡೆಗೆ ಹತ್ತೇ ಸೆಕೆಂಡಿಗೆ ಐದು ಈಡು. ಈ ಹತ್ತು ಸೆಕೆಂಡಿನ ಆಟವೇ ರಿವಾಲ್ವರಿನ ಪರೀಕ್ಷೆ. ಪ್ರತಿ ಈಡಿಗೂ ಹೆಬ್ಬೆರಳು ಮೇಲೇರಿ ಕುದುರೆಯನ್ನು ಹಿಂದಕ್ಕೆಳೆಯಬೇಕು, ಅಷ್ಟರಲ್ಲಿ ಹಿಡಿತ ಜಾರಿರುತ್ತದೆ. 1930ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಕಿಂಗ್ ಕಂಪನಿಯವರು ಕುದುರೆಯ ಕೊಂಬನ್ನು ಹೆಬ್ಬೆರಳಿಗೆ ಎಟುಕುವಂತೆ ಪಕ್ಕಕ್ಕೆ ಬಗ್ಗಿಸಿ, ಅದು ಕ್ರಮಿಸುವ ದೂರವನ್ನೂ ಕಡಮೆ ಮಾಡಿ ಕೊಡುತ್ತಿದ್ದರು. ಕುದುರೆ ಬೀಳುವ ಕಾಲ ಸೆಕೆಂಡಿನ ಸಾವಿರದ ಕೆಲವು ಭಾಗವಷ್ಟೆ; ಆದರೂ ನಡುಗುವ ಕೈಗೆ ಅದೂ ದೀರ್ಘವೇ. ಲೆಕ್ಕ ಹಾಕಿ ನೋಡಿರಿ: ಮುಂದಿನ ಮೊನೆಗೂ ಹಿಂದಿನ ಕಚ್ಚಿಗೂ ಸುಮಾರು 20 ಸೆಂಟಿಮೀಟರು ಅಂತರ. ಅಲ್ಲಿ ಒಂದು ಮಿಲಿಮೀಟರು ತಪ್ಪಿದರೆ ಐವತ್ತು ಗಜದಾಚೆ ಸುಮಾರು 23 ಸೆಂಟಿಮೀಟರು ತಪ್ಪುತ್ತದೆ.

ಎರಡನೆಯ ಮಹಾಯುದ್ಧದ ನಂತರ ಸ್ಮಿತ್ ಅಂಡ್ ವೆಸನ್ ಕಂಪನಿ ಈ ಗಿಡ್ಡ ನಡೆಯನ್ನು ತಾನೇ ಅಳವಡಿಸಿಕೊಂಡು ಕೆ-22, ಕೆ-32, ಕೆ-38 ಎಂಬ ಮೂರು ರಿವಾಲ್ವರುಗಳ ‘ಮಾಸ್ಟರ್‌ಪೀಸ್’ ಸಾಲನ್ನು ಹೊರತಂದಿತು. ಮೂರರ ರಂಧ್ರವೂ ಬೇರೆ ಬೇರೆ. ಆದರೆ ತೋಟಾ ತುಂಬಿದಾಗ ಮೂರೂ ಒಂದೇ ತೂಕ ಬರುವಂತೆ ನಳಿಗೆಯ ಮೇಲಿನ ಪಟ್ಟಿಯ ಅಗಲವನ್ನು ಹೆಚ್ಚು ಕಡಮೆ ಮಾಡಿದ್ದರು. ಒಂದು ಸ್ಪರ್ಧೆಯಿಂದ ಇನ್ನೊಂದಕ್ಕೆ ಹೋದಾಗ ಕೈ ಬೆಚ್ಚದಿರಲಿ ಎಂಬ ಮುತುವರ್ಜಿ! ಇಷ್ಟೆಲ್ಲ ಮಾಡಿದರೂ ದುಂಡು ಗುರಿಯ ಪಂದ್ಯ ರಿವಾಲ್ವರಿನ ಕೈ ತಪ್ಪಿತು. ತಾನೇ ತುಂಬಿಕೊಂಡು ತಾನೇ ಕುದುರೆಯೇರಿಸಿಕೊಳ್ಳುವ ಪಿಸ್ತೂಲಿನ ಮುಂದೆ ಹೆಬ್ಬೆರಳು ಎಷ್ಟೆಂದು ಓಡೀತು? 1961ರಲ್ಲಿ ಅದೇ ಕಂಪನಿ ರಿವಾಲ್ವರಿನ .38 ತೋಟಾವನ್ನೇ ಹೊಡೆಯುವ ಸ್ವಯಂಚಾಲಿತ ಪಿಸ್ತೂಲನ್ನು ಮಾಡಿದಾಗ, ಮನೆಯ ಅಡಿಗೆಯವನನ್ನೇ ಎದುರು ಹೋಟೆಲಿನವನು ಸೆಳೆದುಕೊಂಡಂತಾಯಿತು.

ಹೀಗೆ ಬಾಗಿಲು ಮುಚ್ಚಿದ ರಿವಾಲ್ವರಿಗೆ ಮತ್ತೊಂದು ಬಾಗಿಲು ತೆರೆದವರು ಪೋಲೀಸರು. ಅವರ ಸೊಂಟದಲ್ಲಿದ್ದುದು ಆಗಲೂ ರಿವಾಲ್ವರೇ. ಎಫ್.ಬಿ.ಐ. ತನ್ನವರ ತರಬೇತಿಗೆಂದು ರೂಪಿಸಿದ್ದ ಪಾಠಕ್ರಮವೊಂದಿತ್ತು: ಏಳು ಗಜದಲ್ಲಿ ಸೊಂಟದೆತ್ತರದಿಂದ, ದೂರದಲ್ಲಿ ಮಂಡಿಯೂರಿ, ಮಲಗಿ, ಹಲಗೆಯ ಮರೆಯಿಂದ ಎಡಗೈಯಲ್ಲೂ ಬಲಗೈಯಲ್ಲೂ, ಮನುಷ್ಯಾಕೃತಿಯ ಗುರಿಗೆ ಹೊಡೆಯುವುದು. ಪಿ.ಪಿ.ಸಿ. ಎಂದು ಕರೆಯಲಾದ ಇದು 1960ರ ದಶಕದಲ್ಲಿ ರಾಷ್ಟ್ರಮಟ್ಟದ ಪಂದ್ಯವಾಯಿತು. ಪೂರ್ಣ ಪಂದ್ಯಕ್ಕೆ 150 ಈಡು, ಗರಿಷ್ಠ ಅಂಕ 1500. ಏಳು ಗಜದಿಂದ ಐವತ್ತು ಗಜದವರೆಗೆ ಹಂತಗಳು. ಹತ್ತಿರದ ಹಂತದಲ್ಲಿ ಅರ್ಧ ನಿಮಿಷದೊಳಗೆ ಆರು ಹೊಡೆದು, ಖಾಲಿ ಮಾಡಿ, ಆರು ತುಂಬಿ, ಮತ್ತೆ ಆರು ಹೊಡೆಯಬೇಕು. ಇಲ್ಲಿ ಹೆಬ್ಬೆರಳಿನ ಕೆಲಸವಿಲ್ಲ. ಟ್ರಿಗರನ್ನು ಒಂದೇ ಸಮನೆ ಎಳೆದರೆ ಉರುಳೆ ತಿರುಗಿ, ಕುದುರೆ ಎದ್ದು, ತಾನೇ ಬೀಳುವ ಎರಡು ಕೆಲಸದ ನಡೆ. ಈ ನಡೆಯಿಂದ ಏನಾಗಬಹುದೆಂದು ಎಡ್ ಮೆಕ್‌ಗಿವರ್ನ್ ಎಂಬಾತ 1932ರಲ್ಲಿಯೇ ತೋರಿಸಿದ್ದ: ಐದು ಈಡು, ಅರ್ಧ ಸೆಕೆಂಡಿಗೂ ಕಡಮೆ ಕಾಲದಲ್ಲಿ! ಆದರೆ ಕಾರಖಾನೆಯಿಂದ ಬಂದ ರಿವಾಲ್ವರಿನಲ್ಲಿ ಆ ಎಳೆತಕ್ಕೆ ಹೆಚ್ಚುಕಡಮೆ ಐದು ಕಿಲೋ ಭಾರ. ಅಷ್ಟು ಭಾರ ಎಳೆಯುತ್ತ ಐವತ್ತು ಗಜದಲ್ಲಿ ಅಂಗೈಯಗಲ ಎಂದರೆ ಸಾಮಾನ್ಯರ ಮಾತಲ್ಲ.

ಕೆಲಸಗಾರರ ಕಾಲ ಬಂದದ್ದು ಆಗ. ಅವರು ಮಾಡುತ್ತಿದ್ದುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ, ಏಕೆಂದರೆ ಕೈಕೆಲಸದ ಸೊಗಸು ವಿವರದಲ್ಲಿಯೇ ಇದೆ. ಮೊದಲು ನಳಿಗೆಯೊಳಗಿಂದ ಅಳತೆಗೆ ಸರಿಯಾದ ಉಕ್ಕಿನ ಸಲಾಕೆಯನ್ನು ಇಳಿಬಿಟ್ಟು, ಅದು ಆರೂ ಗೂಡಿಗೆ ತಡೆಯಿಲ್ಲದೆ ಇಳಿಯುವುದೇ ಎಂದು ನೋಡುವರು. ಯಾವ ಗೂಡಿನ ಅಂಚಿಗೆ ತಾಗಿತೋ ಅಲ್ಲಿ ದೋಷ. ಉರುಳೆಯನ್ನು ತಿರುಗಿಸುವ ಕೊಕ್ಕೆಯನ್ನು, ತಡೆದು ನಿಲ್ಲಿಸುವ ಬೀಗವನ್ನು ಎಣ್ಣೆಕಲ್ಲಿನಿಂದ ಎಳೆ ಎಳೆಯಾಗಿ ತೀಡಿ, ಕುದುರೆ ಬೀಳುವ ಮೊದಲೇ ಬೀಗ ಕಚ್ಚಿರುವಂತೆ ಹೊಂದಿಸುವರು. ಉರುಳೆ ಹಿಂದೆ ಮುಂದೆ ಅಲುಗಾಡಿದರೆ ಕಾಗದದಷ್ಟು ತೆಳುವಾದ ಬಿಲ್ಲೆಯನ್ನು ಒಳಗಿಟ್ಟು ಬಿಗಿ ಮಾಡುವರು. ನಳಿಗೆಯ ಹಿಂಬಾಯನ್ನು ನಮ್ಮ ಮನೆಯ ಲಾಳಿಕೆಯಂತೆ 11 ಡಿಗ್ರಿ ಇಳಿಜಾರಿಗೆ ಕೊರೆಯುವರು. ಇಷ್ಟಾದರೂ ಕೂದಲೆಳೆ ಸೊಟ್ಟ ಬಂದ ಗುಂಡನ್ನು ಈ ಲಾಳಿಕೆ ಮೆಲ್ಲನೆ ನೇರ ಮಾಡಿ ಒಳಗೆ ಬಿಟ್ಟುಕೊಳ್ಳುತ್ತದೆ.

ಇನ್ನು ನಳಿಗೆ. ಸ್ಮಿತ್ ಅಂಡ್ ವೆಸನ್ ನಳಿಗೆಯೊಳಗಿನ ತಿರುಪು ಹದಿನೆಂಟೂ ಮುಕ್ಕಾಲು ಅಂಗುಲಕ್ಕೆ ಒಂದು ಸುತ್ತು. ಪಂದ್ಯದ ಹಗುರ ಮದ್ದಿನ ತೋಟಾಕ್ಕೆ ಅದು ಸಾಲದು, ಗುಂಡು ಬುಗುರಿಯಂತೆ ಬಿಗಿಯಾಗಿ ತಿರುಗುವುದಿಲ್ಲ. ಕೋಲ್ಟ್ ಕಂಪನಿಯ ‘ಪೈಥಾನ್’ ನಳಿಗೆಯಲ್ಲಿ ಹದಿನಾಲ್ಕು ಅಂಗುಲಕ್ಕೆ ಒಂದು ಸುತ್ತು. ಆದರೆ ಕೋಲ್ಟಿನ ಟ್ರಿಗರ್ ಇವರಿಗೆ ಒಗ್ಗದು. ಆದ್ದರಿಂದ ಸ್ಮಿತ್ತಿನ ಮೈಗೆ ಕೋಲ್ಟಿನ ನಳಿಗೆಯನ್ನು ತಿರುಪಿ ಕೂರಿಸಿ ಆ ಮಿಶ್ರ ಸಂತಾನಕ್ಕೆ ‘ಸ್ಮೋಲ್ಟ್’ ಎಂದು ನಾಮಕರಣ ಮಾಡಿದರು. ಎರಡು ಕಂಪನಿಗಳೂ ಪರಸ್ಪರ ಮುಖ ನೋಡದ ಪ್ರತಿಸ್ಪರ್ಧಿಗಳೆಂಬುದನ್ನು ನೆನೆದರೆ ಇದು ಒಳ್ಳೆಯ ತಮಾಷೆ. ಇನ್ನು ಕೆಲವರು ಡಗ್ಲಸ್ ಕಂಪನಿಯ ಒಂದು ಅಂಗುಲ ದಪ್ಪದ ಉಕ್ಕಿನ ನಳಿಗೆಯನ್ನೇ ಹಾಕಿಸಿಕೊಂಡರು. ಮೂತಿ ಭಾರವಾದಷ್ಟೂ ಕೈ ನಡುಗುವುದು ಕಡಮೆ. ಅದರ ಮೇಲೆ ಉದ್ದಕ್ಕೂ ‘ಅರಿಸ್ಟೋಕ್ರಾಟ್’ ಪಟ್ಟಿ; ಅದರ ಹಿಂದಿನ ಕಚ್ಚನ್ನು ಹತ್ತಿರಕ್ಕೆ, ಇಪ್ಪತ್ತೈದು ಗಜಕ್ಕೆ, ಐವತ್ತು ಗಜಕ್ಕೆ ಎಂದು ಮೂರು ಮೆಟ್ಟಿಲಿಗೆ ತಿರುಗಿಸಬಹುದು. ಕುದುರೆಯ ಕೊಂಬನ್ನು ಕತ್ತರಿಸಿ ಹಾಕಿದರು, ಹೆಬ್ಬೆರಳಿಗೆ ಕೆಲಸವೇ ಇಲ್ಲವಲ್ಲ! ಸ್ಪ್ರಿಂಗುಗಳನ್ನು ಸಡಿಲಗೊಳಿಸಿ ಐದು ಕಿಲೋ ಎಳೆತವನ್ನು ಮೂರೂವರೆಯ ಆಸುಪಾಸಿಗೆ ಇಳಿಸಿದರು. ಆಗ ಕುದುರೆಯ ಪೆಟ್ಟು ಎಷ್ಟು ಹಗುರವಾಯಿತೆಂದರೆ ಗಟ್ಟಿ ಕೇಪಿನ ತೋಟಾ ಸಿಡಿಯದೆ ಹೋಗುತ್ತಿತ್ತು; ಮೆದು ಕೇಪಿಗೆ ಹೆಸರಾದ ಫೆಡರಲ್ ಕಂಪನಿಯದನ್ನೇ ಹುಡುಕಿ ತರಬೇಕಾಯಿತು. ಗುಂಡು ಕೂಡ ಬೇರೆಯೇ: ಮೊನೆಯಿಲ್ಲದ, ಚಪ್ಪಟೆ ಮುಖದ ಸೀಸದ ಗುಂಡು. ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸುವುದರಿಂದ ಅಂಕ ಎಣಿಸುವಾಗ ತಕರಾರಿಲ್ಲ. ಆರು ತೋಟಾವನ್ನು ಒಟ್ಟಿಗೆ ಹಿಡಿದು ಒಮ್ಮೆಲೇ ಗೂಡಿಗಿಳಿಸುವ ದುಂಡು ಸಾಧನವೊಂದು ಸೊಂಟದಲ್ಲಿ. ಅವು ತಡವರಿಸದೆ ಇಳಿಯಲೆಂದು ಗೂಡುಗಳ ಬಾಯಂಚನ್ನೂ ತುಸು ಸವರಿರುತ್ತಿದ್ದರು.

ಹೀಗೆ ಸಿದ್ಧವಾದ ರಿವಾಲ್ವರ್ ನೋಡಲು ಭವ್ಯ, ಹೊಡೆಯಲು ಬೆಣ್ಣೆ. ಆದರೆ ಅದನ್ನು ಸೊಂಟಕ್ಕೆ ಕಟ್ಟಿ ಗಸ್ತು ತಿರುಗುವಂತಿಲ್ಲ. ಭಾರ ಒಂದು ಕಡೆ. ಇಲಾಖೆ ಕೊಟ್ಟ ತೋಟಾದ ಗಟ್ಟಿ ಕೇಪಿಗೆ ಕುದುರೆ ಬಿದ್ದು ಟಿಕ್ ಎಂದಷ್ಟೇ ಸದ್ದಾದರೆ ಎದುರಾಳಿ ಕಾಯುವನೆ? ಪೋಲೀಸನ ಕಸುಬಿಗೆಂದು ಹುಟ್ಟಿದ ಪಂದ್ಯ, ಪೋಲೀಸನು ಮನೆಯಲ್ಲಿಟ್ಟು ಬರಬೇಕಾದ ಆಯುಧವನ್ನು ಹೆತ್ತಿತು. ಸಂಘದವರು ಮತ್ತೆ ಬಿಸ್ಲಿಯ ದಾರಿಯನ್ನೇ ಹಿಡಿದರು: ಕಾರಖಾನೆಯ ನಳಿಗೆಯ ‘ಸರ್ವಿಸ್ ರಿವಾಲ್ವರಿಗೆ’ ಬೇರೆ ಸ್ಪರ್ಧೆ, ಬಿಡುವಿನ ವೇಳೆಯಲ್ಲಿ ಒಯ್ಯುವ ಗಿಡ್ಡ ರಿವಾಲ್ವರಿಗೆ ಬೇರೆ ಸ್ಪರ್ಧೆ.

ಇದು ಬರಿಯ ಆಟದ ಜಗಳವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಎಂಬಲ್ಲಿ ಹೆದ್ದಾರಿ ಗಸ್ತಿನ ನಾಲ್ವರು ತರುಣ ಪೋಲೀಸರು ಇಬ್ಬರು ದುಷ್ಕರ್ಮಿಗಳ ಗುಂಡಿಗೆ ಕೆಲವೇ ನಿಮಿಷಗಳಲ್ಲಿ ಬಲಿಯಾದರು. ಅವರು ಬಯಲಿನಲ್ಲಿ ಅಭ್ಯಾಸ ಮಾಡುತ್ತಿದ್ದುದು ಸೌಮ್ಯವಾದ .38 ತೋಟಾದಿಂದ, ಸೊಂಟದಲ್ಲಿ ಹೊತ್ತದ್ದು ಬಲವಾಗಿ ಒದೆಯುವ.357. ಕೊನೆಗೆ ಉಳಿದವನು ಒಂದೊಂದೇ ತೋಟಾ ತುಂಬುತ್ತಿದ್ದಾಗ ಸತ್ತ. ಅವನು ಖಾಲಿ ತೋಟಾಗಳನ್ನು ಪಂದ್ಯದ ಬಯಲಿನ ಅಭ್ಯಾಸಬಲದಿಂದ ಆಯ್ದು ಜೇಬಿಗೆ ಹಾಕಿಕೊಂಡಿದ್ದನೆಂಬ ಕಥೆ ದಶಕಗಳ ಕಾಲ ತರಬೇತಿ ಶಾಲೆಗಳಲ್ಲಿ ಹರಿದಾಡಿತು. ದಾಖಲೆಗಳನ್ನು ಕೆದಕಿದವರು ಅದಕ್ಕೆ ಆಧಾರವಿಲ್ಲವೆಂದು ಆಮೇಲೆ ತೋರಿಸಿದ್ದಾರೆ. ಸತ್ತ ಹುಡುಗನ ಮೇಲೆ ಹೊರಿಸಿದ್ದ ಆ ಮಾತನ್ನು ನಾವಂತೂ ನಂಬುವುದಿಲ್ಲ. ಒಂದೊಂದಾಗಿ ತುಂಬುತ್ತಿದ್ದುದು ಮಾತ್ರ ನಿಜ. ಆ ಪಡೆಗೆ ಆರನ್ನೂ ಒಟ್ಟಿಗೆ ತುಂಬುವ ಸಾಧನವನ್ನು ಕೊಟ್ಟದ್ದು ಆ ಬಳಿಕ.

ಇದನ್ನು ಸುಬೇದಾರರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. "ಆ ಸಾಮಾನು ಮೊದಲು ಇರಲಿಲ್ಲವೇ?" ಎಂದು ಕೇಳಿದರು. ಇತ್ತು. ಪ್ರಿಡೋ ಎಂಬಾತನ ಅಂಥ ಸಾಧನವನ್ನು ಮೊದಲನೆಯ ಮಹಾಯುದ್ಧದಲ್ಲಿಯೇ ಬ್ರಿಟಿಷ್ ಅಧಿಕಾರಿಗಳು ವೆಬ್ಲಿಯೊಡನೆ ಬಳಸಿದ್ದರು. "ಹಾಗಾದರೆ ಕೊಡಬೇಕಾಗಿತ್ತು" ಎಂದಷ್ಟೇ ಹೇಳಿ ಎದ್ದುಹೋದರು. ಪಂದ್ಯದಲ್ಲಿ ಕಲಿತದ್ದೆಲ್ಲ ಬೀದಿಗೆ ಕೆಟ್ಟದ್ದೆಂದು ಹೇಳುವವರು ಇದನ್ನು ಯೋಚಿಸಬೇಕು. ಪಂದ್ಯದಿಂದ ಬೀದಿಗೆ ಬರಬೇಕಾಗಿದ್ದುದು ದಪ್ಪ ನಳಿಗೆಯಲ್ಲ, ಆ ದುಂಡು ಸಾಧನ. ಎರಡರ ಭೇದ ತಿಳಿದು ಬೇಕಾದದ್ದನ್ನಷ್ಟೇ ಆರಿಸಿಕೊಳ್ಳುವ ಹೊಣೆ ಹೊಡೆಯುವವನದಲ್ಲ, ಮೇಜಿನ ಹಿಂದೆ ಕುಳಿತವರದು.

1986ರಲ್ಲಿ ಮಯಾಮಿಯಲ್ಲಿ ಎಫ್.ಬಿ.ಐ.ನವರು ನಡೆಸಿದ ಕಾಳಗದ ನಂತರ ಅಮೆರಿಕಾದ ಪೋಲೀಸರು ಒಬ್ಬರ ಹಿಂದೊಬ್ಬರಂತೆ ರಿವಾಲ್ವರನ್ನು ಬಿಟ್ಟು ಸ್ವಯಂಚಾಲಿತ ಪಿಸ್ತೂಲಿಗೆ ಹೋದರು. ಪಂದ್ಯದ ರಿವಾಲ್ವರಿಗೆ ಇನ್ನು ಬೀದಿಯ ನೆಪವೂ ಉಳಿಯಲಿಲ್ಲ. ವಿಚಿತ್ರವೆಂದರೆ ಆಮೇಲೆಯೇ ಅದು ನಿಶ್ಚಿಂತೆಯಿಂದ ಬಾಳಿತು: 1991ರಲ್ಲಿ ರಿವಾಲ್ವರಿಗೇ ಮೀಸಲಾದ ಅಂತಾರಾಷ್ಟ್ರೀಯ ಸಂಘ ಹುಟ್ಟಿತು; 1999ರಲ್ಲಿ ಜೆರ್ರಿ ಮಿಕ್ಯುಲೆಕ್ ಎಂಬಾತ ಆರು ಹೊಡೆದು, ಆರು ತುಂಬಿ, ಮತ್ತೆ ಆರು ಹೊಡೆಯುವುದನ್ನು 2.99 ಸೆಕೆಂಡಿನಲ್ಲಿ ಮುಗಿಸಿದ. ನಾವು ಮೂಗಿನ ಮೇಲಿನ ಕನ್ನಡಕವನ್ನು ಸರಿಪಡಿಸಿಕೊಳ್ಳಲೂ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ನಮ್ಮ ದೇಶಕ್ಕೂ ಈ ಕಥೆಯ ಎಳೆಯೊಂದು ತಾಗುತ್ತದೆ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ‘ಸೆಂಟರ್ ಫೈರ್’ ಎಂಬ 25 ಮೀಟರಿನ ಸ್ಪರ್ಧೆಯಿದೆ. ಮೂವತ್ತು ಈಡು ಸಾವಧಾನ, ಮೂವತ್ತು ಈಡು ಗುರಿ ಮೂರು ಸೆಕೆಂಡು ಮುಖ ತೋರಿಸಿ ಏಳು ಸೆಕೆಂಡು ಮರೆಯಾಗುವಾಗ. ಆ ಏಳು ಸೆಕೆಂಡು ಹೆಬ್ಬೆರಳಿಗೆ ಕುದುರೆಯೇರಿಸಲು ಧಾರಾಳ. ಆದ್ದರಿಂದಲೇ ರಿವಾಲ್ವರ್ ಅಲ್ಲಿ ಬಹುಕಾಲ ಉಳಿದುಕೊಂಡಿತ್ತು. ಫ್ರಾನ್ಸಿನ ಮಾನ್ಯುರಾಂ ಕಂಪನಿ ಅದಕ್ಕೆಂದೇ.32 ಅಳತೆಯ ಎಂ.ಆರ್. 32 ಮಾಡಿತ್ತು. ಕ್ರಮೇಣ ಇಲ್ಲಿಯೂ ಸ್ವಯಂಚಾಲಿತ ಪಿಸ್ತೂಲುಗಳೇ ಬಂದವು. ಆದರೆ ಅವು ಹೊಡೆಯುವುದು ಇಂದಿಗೂ ಹೆಚ್ಚಾಗಿ 1896ರ ಒಂದು ರಿವಾಲ್ವರಿಗೆಂದು ಹುಟ್ಟಿದ .32 ಸ್ಮಿತ್ ಅಂಡ್ ವೆಸನ್ ಲಾಂಗ್ ತೋಟಾವನ್ನು, ಅದೇ ಚಪ್ಪಟೆ ಮುಖದ ಗುಂಡಿನೊಡನೆ. ಪುಣೆಯ ಕನ್ನಡಿಗರಿಗೆ ಪರಿಚಿತವಾದ ಖಡ್ಕಿಯ ಮದ್ದುಗುಂಡು ಕಾರಖಾನೆಯಲ್ಲಿ ನಮ್ಮ ದೇಶದ ಲೈಸೆನ್ಸುದಾರರಿಗೆಂದು ತಯಾರಾಗುತ್ತ ಬಂದದ್ದೂ ಇದೇ ಅಳತೆಯ ತೋಟಾ.

ಈ ಸ್ಪರ್ಧೆಯಲ್ಲಿ ನಮ್ಮ ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು, 2006ರ ದೋಹಾದಲ್ಲಿ 600ಕ್ಕೆ 590 ಹೊಡೆದು ವಿಶ್ವದಾಖಲೆಯನ್ನು ಸರಿಗಟ್ಟಿದರು. ನಡುವೆ 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿಯೂ ಅವರಿಗೆ ಸೆಂಟರ್ ಫೈರ್ ಚಿನ್ನ. ಕೂಟ ಮ್ಯಾಂಚೆಸ್ಟರಿನದಾದರೂ ಗುರಿಕಾರರ ಸ್ಪರ್ಧೆಗಳು ನಡೆದದ್ದು ವೈನನ್ಸನ ಆ ಬಿಸ್ಲಿಯಲ್ಲಿಯೇ. ಆ ಹೊತ್ತಿಗೆ ಬ್ರಿಟನ್ನಿನ ಗುರಿಕಾರರ ಕೈಯಲ್ಲಿ ಪಿಸ್ತೂಲೂ ಇರಲಿಲ್ಲ, ರಿವಾಲ್ವರೂ ಇರಲಿಲ್ಲ. 1996ರಲ್ಲಿ ಡನ್‌ಬ್ಲೇನ್ ಶಾಲೆಯ ಎಳೆಯ ಮಕ್ಕಳ ಕೊಲೆಯಾದ ಮೇಲೆ, 1997ರ ಎರಡು ಕಾನೂನುಗಳು ಅವನ್ನು ನಿಷೇಧಿಸಿದ್ದವು. ಕ್ರೀಡಾಕೂಟಕ್ಕೆಂದು ವಿಶೇಷ ಅನುಮತಿ ಕೊಟ್ಟು, ಪಂದ್ಯ ಮುಗಿದೊಡನೆ ಬಯಲನ್ನು ಮತ್ತೆ ರೈಫಲುಗಳಿಗೆ ಬಿಟ್ಟುಕೊಟ್ಟರು.